ಬೆಟ್ಟದ ನೋಟಕ್ಕೆ ಮೊಬೈಲ್ ಏಕೆ ಬೇಕು?

ಮುಂಬೈ ಮಹಾನಗರ ಪಾಲಿಕೆ 2025ರಲ್ಲಿ ಮಲಬಾರ್ ಹಿಲ್‌ನ ಮರಗಳ ನಡುವೆ ತೆರೆದ 485 ಮೀಟರ್ ಉದ್ದದ ಎತ್ತರದ ಕಾಲುದಾರಿ ನಿಜಕ್ಕೂ ಸೊಗಸಾದ ಕಟ್ಟೋಣ. ಗಾಜಿನ ನೆಲದ ಅಟ್ಟಣೆಯಲ್ಲಿ ನಿಂತರೆ ಪಾದದಡಿ ಹಸಿರು, ಎದುರಿಗೆ ಗಿರ್‌ಗಾಂವ್ ಚೌಪಾಟಿಯ ಕಡಲು. ಆದರೆ ಅದಕ್ಕೆ ಪಾಲಿಕೆ ಇಟ್ಟ ನಿಯಮ: ಆನ್‌ಲೈನ್‌ನಲ್ಲಿ ಸಮಯ ಕಾಯ್ದಿರಿಸಿ, 25 ರೂಪಾಯಿ ಕಟ್ಟಿ ಬನ್ನಿ. ಇಕ್ಕಟ್ಟಾದ ದಾರಿ, ನೂಕುನುಗ್ಗಲಾದರೆ ಅಪಾಯ ಎನ್ನುವ ವಾದ ಸರಿಯೇ. ಆದರೆ ಅದಕ್ಕೆ ಬೇಕಿರುವುದು ತಲೆ ಎಣಿಕೆ, ಮೊಬೈಲಲ್ಲ. ನಿರ್ವಹಣೆಗೆ ಹಣ ಬೇಡವೇ ಎಂದರೆ, ಅಲ್ಲೇ ಇರುವ ಹ್ಯಾಂಗಿಂಗ್ ಗಾರ್ಡನ್‌ಗೆ, ಕಮಲಾ ನೆಹರು ಉದ್ಯಾನಕ್ಕೆ ಟಿಕೆಟ್ ಇಲ್ಲ. ಅವುಗಳ ಖರ್ಚು ಪಾಲಿಕೆಯೇ ನೋಡಿಕೊಳ್ಳುತ್ತದೆ. ಐವರ ಕುಟುಂಬಕ್ಕೆ 125 ರೂಪಾಯಿ, ಮೇಲೆ ಬಸ್ಸು, ಲೋಕಲ್ ರೈಲಿನ ಖರ್ಚು. ದಿನಗೂಲಿಯವರಿಗೆ ಇದು ಸಣ್ಣ ಮೊತ್ತವಲ್ಲ. ಪ್ರತಿ ಸರದಿಯಲ್ಲೂ ಒಂದು ಪಾಲು ಜಾಗವನ್ನು ಬಾಗಿಲಲ್ಲೇ, ಮೊದಲು ಬಂದವರಿಗೆ ಮೊದಲು ಎಂಬಂತೆ, ಉಚಿತವಾಗಿ ಕೊಡಲಿ.