ಬಂದರಿಗೊಂದು ಜರಡಿ, ಮಂಡಿಗೊಂದು ಜರಡಿ

ಬೇಳೆಕಾಳನ್ನು ಜಗತ್ತಿನಲ್ಲೇ ಹೆಚ್ಚು ಬೆಳೆಯುವ ದೇಶ ಭಾರತ. ಹೆಚ್ಚು ತಿನ್ನುವುದೂ, ಹೆಚ್ಚು ಆಮದು ಮಾಡಿಕೊಳ್ಳುವುದೂ ಅದೇ. ತೊಗರಿ ಮೊಜಾಂಬಿಕ್, ಮ್ಯಾನ್ಮಾರ್, ಮಲಾವಿ, ತಾಂಜಾನಿಯಾಗಳಿಂದ ಬರುತ್ತದೆ. ಉದ್ದು ಬಹುಪಾಲು ಮ್ಯಾನ್ಮಾರ್‌ನಿಂದ. ಮಸೂರ ಕೆನಡಾ, ಆಸ್ಟ್ರೇಲಿಯಾಗಳಿಂದ. ಹಳದಿ ಬಟಾಣಿ ಕೆನಡಾ, ರಷ್ಯಾಗಳಿಂದ. ಈ ಆಮದಿನ ಜೊತೆಗೇ ಒಂದು ಮಾತೂ ಹಬ್ಬಿದೆ: ಹೊರಗಿನ ಬೇಳೆಯಲ್ಲಿ ವಿಷವಿದೆ, ನಮ್ಮ ನೆಲದ್ದು ಶುದ್ಧ. ಮಾತಿನ ಮೊದಲರ್ಧಕ್ಕೆ ಒಂದಿಷ್ಟು ಆಧಾರವಿದೆ, ಎರಡನೆಯದಕ್ಕೆ ಇಲ್ಲ. ಕಾಳಿನ ಸುರಕ್ಷತೆಯನ್ನು ಅದರೊಳಗೆ ಏನಿದೆ ಎಂದು ನೋಡಿ ನಿರ್ಧರಿಸಬೇಕೇ ಹೊರತು ಅದು ಯಾವ ದೇಶದ್ದು ಎಂದು ಕೇಳಿ ಅಲ್ಲ.

ಹಡಗಿನಿಂದಿಳಿದ ಕಾಳು ಎರಡು ಬಾಗಿಲು ದಾಟಬೇಕು. ಮೊದಲನೆಯದು ಸಸ್ಯ ಸಂಪರ್ಕ ನಿಷೇಧ ವಿಭಾಗ. 2003ರ ಆದೇಶದಂತೆ ಅದು ಹೊರಗಿನ ಕೀಟ, ರೋಗ ಇಲ್ಲಿನ ಹೊಲಕ್ಕೆ ನುಸುಳದಂತೆ ಕಾಯುತ್ತದೆ. ಅದರ ಚಿಂತೆ ಪೈರಿನದು, ಉಣ್ಣುವವರದ್ದಲ್ಲ. ಉಣ್ಣುವವರನ್ನು ಕಾಯುವುದು 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ಹುಟ್ಟಿದ ಎಫ್‌ಎಸ್‌ಎಸ್‌ಎಐ. ಆಮದುದಾರನಿಗೆ ಅದರ ಪರವಾನಗಿ ಇರಬೇಕು. ದಾಖಲೆ ನೋಡಿ, ಅಪಾಯದ ಅಂದಾಜಿನ ಮೇಲೆ ಆಯ್ದ ಸರಕಿನಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲಾಗುತ್ತದೆ. ವರದಿಯನ್ನು ಒಪ್ಪದ ಆಮದುದಾರ ಮೇಲ್ಮನವಿ ಸಲ್ಲಿಸಬಹುದು. ಆಗ ಇನ್ನೊಂದು ಮಾದರಿ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಅಂಥದ್ದೊಂದು.

ಪರೀಕ್ಷೆಯ ಪಟ್ಟಿಯಲ್ಲಿ ತೇವಾಂಶ, ಕಲ್ಲುಮಣ್ಣು, ಹುಳುಕು ಕಾಳು, ಬೂಷ್ಟಿನ ವಿಷ ಎಲ್ಲವೂ ಇವೆ. ಅವುಗಳಲ್ಲಿ ಜಾಣತನದ್ದು ಯೂರಿಕ್ ಆಮ್ಲದ ಮಿತಿ: ಕಿಲೋಗೆ 100 ಮಿಲಿಗ್ರಾಂ. ಹುಳು ಬಿದ್ದ ಕಾಳನ್ನು ಜಾಲಿಸಿ, ತೂರಿ, ಸಿಪ್ಪೆ ತೆಗೆದು, ಪಾಲಿಷ್ ಮಾಡಿದರೆ ಕಣ್ಣಿಗೆ ಏನೂ ಕಾಣದು. ಆದರೆ ಹುಳು ಬಿಟ್ಟುಹೋದ ಹಿಕ್ಕೆಯ ಯೂರಿಕ್ ಆಮ್ಲ ಅಷ್ಟು ಸುಲಭಕ್ಕೆ ತೊಲಗುವುದಿಲ್ಲ. ಗೋದಾಮಿನಲ್ಲಿ ಕಾಳು ಹೇಗಿತ್ತೆಂಬುದನ್ನು ಅದು ಹೇಳಿಬಿಡುತ್ತದೆ. ಬೇಳೆಗೆ ಬಣ್ಣ ಹಾಕುವಂತಿಲ್ಲ. ಮೆಟಾನಿಲ್ ಯೆಲ್ಲೋ ಬಳಿದು ಹಳೆಯ ತೊಗರಿಬೇಳೆಗೆ ಹೊಳಪು ತರುವುದು ಅಪ್ಪಟ ಸ್ವದೇಶಿ ವಿದ್ಯೆ. ಕಡಲೆಹಿಟ್ಟಿಗೆ ಕೇಸರಿಬೇಳೆ ಬೆರೆಸುವುದೂ ಹಾಗೆಯೇ.

ಆಮದಿನ ಮೇಲಿನ ಅನುಮಾನಕ್ಕೆ ಮುಖ್ಯ ಕಾರಣ ಗ್ಲೈಫೋಸೇಟ್. ಕೆನಡಾದಂಥ ಚಳಿನಾಡಿನಲ್ಲಿ ಪೈರು ಒಂದೇ ಸಮನೆ ಒಣಗಲೆಂದು ಕೊಯ್ಲಿಗೆ ಮುನ್ನ ಈ ಕಳೆನಾಶಕ ಸಿಂಪಡಿಸುವುದುಂಟು, ಅದರ ಶೇಷ ಕಾಳಿನಲ್ಲಿ ಉಳಿಯುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲಿ ಇದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿತು. ಅಮೆರಿಕ, ಯುರೋಪಿನ ನಿಯಂತ್ರಕರು ಅದನ್ನು ಒಪ್ಪಲಿಲ್ಲ. ಭಾರತದಲ್ಲಿ ಬೇಳೆಕಾಳಿಗೆ ಇದರ ಮಿತಿಯನ್ನೇ ಗೊತ್ತುಪಡಿಸಿರಲಿಲ್ಲ. 2018ರಲ್ಲಿ ಎಫ್‌ಎಸ್‌ಎಸ್‌ಎಐ ಆಮದು ಕಾಳಿನಲ್ಲಿ ಗ್ಲೈಫೋಸೇಟ್ ಹುಡುಕಲು ಸೂಚಿಸಿ, ಸದ್ಯಕ್ಕೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿಯನ್ನೇ ಅನುಸರಿಸುವಂತೆ ಹೇಳಿತು. ಮಸೂರಕ್ಕೆ ಆ ಮಿತಿ ಕಿಲೋಗೆ 5 ಮಿಲಿಗ್ರಾಂ.

ಈಗ ಮಧ್ಯಪ್ರದೇಶದ ನರ್ಮದಾ ಕಣಿವೆಯನ್ನು ನೋಡಬೇಕು. ಅಲ್ಲಿ ಬೇಸಿಗೆಯ ಹೆಸರುಕಾಳನ್ನು ಮಳೆಗೆ ಮುಂಚೆ ಕೊಯ್ಯುವ ಆತುರದಲ್ಲಿ ಪೈರಿಗೆ ಪ್ಯಾರಾಕ್ವಾಟ್ ಹೊಡೆದು ಒಣಗಿಸುತ್ತಾರೆ. ಯುರೋಪಿಯನ್ ಒಕ್ಕೂಟ 2007ರಲ್ಲೇ ಹೊರಗಟ್ಟಿದ ರಾಸಾಯನಿಕ ಇದು. 2025ರಲ್ಲಿ ಆ ರಾಜ್ಯದ ಸರ್ಕಾರವೇ ಈ ಕಾರಣ ಹೇಳಿ ಬೆಂಬಲ ಬೆಲೆಯ ಖರೀದಿಗೆ ಹಿಂದೇಟು ಹಾಕಿತ್ತು. ಕೆನಡಾದ ಮಸೂರ ಬಂದರಿನಲ್ಲಿ ಪರೀಕ್ಷೆಗೆ ನಿಲ್ಲಬೇಕು. ಇಲ್ಲಿಯ ಹೆಸರು ಮಂಡಿಯಲ್ಲಿ ತೇವಾಂಶ, ಗಾತ್ರ, ಬಣ್ಣ ನೋಡಿಸಿಕೊಂಡು ಲಾರಿ ಹತ್ತುತ್ತದೆ. ಆಹಾರ ಸುರಕ್ಷತಾ ಅಧಿಕಾರಿಗಳು ಅಂಗಡಿಗಳಿಂದ ಮಾದರಿ ಎತ್ತುತ್ತಾರೆ, ನಿಜ. ಆದರೆ ಅನುಮತಿ ಸಿಗುವವರೆಗೆ ಸರಕು ಕದಲಬಾರದೆಂಬ ಕಟ್ಟು ಒಳನಾಡಿನ ಕಾಳಿಗಿಲ್ಲ.

ನಿಯಮ ಬೆಲೆಯ ಕೈಗೊಂಬೆಯಾದರೆ ಏನಾಗುತ್ತದೆಂಬುದಕ್ಕೆ ಮಿಥೈಲ್ ಬ್ರೋಮೈಡ್ ಕಥೆ ಸಾಕು. ಈ ಅನಿಲದಿಂದ ಧೂಪನ ಮಾಡಿಯೇ ಕಾಳು ರವಾನೆಯಾಗಬೇಕೆಂಬುದು ಭಾರತದ ಷರತ್ತಾಗಿತ್ತು. ಅದು ಓಜೋನ್ ಪದರಕ್ಕೆ ಮಾರಕ. ಮಾಂಟ್ರಿಯಲ್ ಒಪ್ಪಂದದಂತೆ ಮುಂದುವರಿದ ದೇಶಗಳು 2005ರ ಹೊತ್ತಿಗೆ ಇತರ ಬಳಕೆಯನ್ನು ಬಹುಮಟ್ಟಿಗೆ ಕೈಬಿಟ್ಟು, ಮುಖ್ಯವಾಗಿ ಸಸ್ಯ ಸಂಪರ್ಕ ನಿಷೇಧದ ಉದ್ದೇಶಕ್ಕೆ ವಿನಾಯಿತಿ ಉಳಿಸಿಕೊಂಡವು. ತಮ್ಮ ಚಳಿಯಲ್ಲಿ ಆ ಅನಿಲ ಸರಿಯಾಗಿ ಕೆಲಸ ಮಾಡದು, ಕೀಟವೂ ಬದುಕದು ಎಂದು ಕೆನಡಾ ವಾದಿಸುತ್ತ ಬಂತು. ಹಾಗಾಗಿ ಇಲ್ಲಿಗೆ ಬಂದ ಮೇಲೆ ಧೂಪನ ಮಾಡಲು ಭಾರತ ಒಪ್ಪಿತು, ಆ ಸಡಿಲಿಕೆಯನ್ನು ಮತ್ತೆ ಮತ್ತೆ ವಿಸ್ತರಿಸಿತು. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಸರಕು ತರುವುದೇ ಮುಖ್ಯವಾಗಿತ್ತು. 2016-17ರ ದಾಖಲೆ ಬೆಳೆಯಿಂದ ಬೆಲೆ ಕುಸಿದ ಮೇಲೆ, 2017ರಲ್ಲಿ ಧೂಪನದ ಬಿಗಿಯೂ ಬಂತು, ಬಟಾಣಿಗೆ ಶೇ 50ರ ಸುಂಕವೂ ಬಂತು. 2023ರ ಡಿಸೆಂಬರ್‌ನಲ್ಲಿ ಅದೇ ಹಳದಿ ಬಟಾಣಿ ಸುಂಕವಿಲ್ಲದೆ ಒಳಬಂತು. ಕೀಟಗಳು ಮಾರುಕಟ್ಟೆಯ ದರಪಟ್ಟಿ ಓದಿಕೊಂಡು ವರ್ತಿಸುವುದಿಲ್ಲ.

ನಿಯಮ ಬೆಲೆಯ ಬೆನ್ನು ಹತ್ತಬಾರದೆಂಬ ಈ ಮಾತಿಗೆ ರೈತರ ಕಡೆಯಿಂದ ಬರುವ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಕೊಯ್ಲಿನ ಹೊತ್ತಿಗೇ ಅಗ್ಗದ ಆಮದು ಬಂದು ಬಿದ್ದರೆ ಕಲಬುರಗಿಯ ತೊಗರಿಗೆ ಬೆಂಬಲ ಬೆಲೆಯೂ ದಕ್ಕದು. ಭೌಗೋಳಿಕ ಗುರುತು ಸಿಕ್ಕಿದ್ದರಿಂದ ಆ ನಷ್ಟ ತುಂಬುವುದಿಲ್ಲ. ಬಂದರಿನಲ್ಲಿ ಬಿಗಿ ಮಾಡಿ ಎಂದು ಅವರು ಕೇಳುವುದು ಸಹಜ. ಆದರೆ ಬೆಲೆಯ ರಕ್ಷಣೆಗೆ ಸುಂಕವಿದೆ, ಸರ್ಕಾರಿ ಖರೀದಿ ಇದೆ. ಪ್ರಯೋಗಾಲಯಕ್ಕೆ ಆ ಕೆಲಸ ಹೊರಿಸಿದರೆ, ಬೆಲೆ ಏರಿದ ವರ್ಷ ಸುರಕ್ಷತೆಯೂ ಸಡಿಲಾಗುತ್ತದೆ.

ಒಳನಾಡಿನ ಕಾಳನ್ನೂ ಪರೀಕ್ಷಿಸಿ ಎಂದರೆ ಬರುವ ಇನ್ನೊಂದು ಆಕ್ಷೇಪ ಆಡಳಿತದ್ದು, ಗಟ್ಟಿಯಾದದ್ದು: ಬಂದರು ಬೆರಳೆಣಿಕೆಯಷ್ಟು, ಹೊಲಗಳು ಕೋಟಿಗಟ್ಟಲೆ, ಒಬ್ಬೊಬ್ಬ ರೈತನ ಚೀಲ ಬಿಚ್ಚಿ ಪರೀಕ್ಷಿಸಲಾಗದು. ಪರೀಕ್ಷಿಸಬೇಕಾಗಿಯೂ ಇಲ್ಲ. ತೊಗರಿ, ಉದ್ದು, ಕಡಲೆ ಅಡುಗೆಮನೆ ಸೇರುವ ಮುನ್ನ ಬಹುಪಾಲು ದಾಲ್‌ಮಿಲ್ ದಾಟುತ್ತವೆ. ಬಂದರಿನಲ್ಲಿ ನಡೆಯುವ ಆಯ್ದ ಮಾದರಿಯ ಪದ್ಧತಿಯನ್ನೇ ಮಿಲ್‌ಗೆ ಬರುವ ಲಾಟುಗಳಿಗೂ ಅನ್ವಯಿಸಬಹುದು. ಇಡಿಯಾಗಿ ಮಾರಾಟವಾಗುವ ಹೆಸರುಕಾಳಿನಂಥವನ್ನು ಸರ್ಕಾರಿ ಖರೀದಿ ಕೇಂದ್ರ, ದೊಡ್ಡ ಗೋದಾಮುಗಳಲ್ಲಿ ಹಿಡಿಯಬಹುದು. ಖರ್ಚು ಸಣ್ಣದಲ್ಲ, ಅದನ್ನು ಸಣ್ಣ ಮಿಲ್ ಮಾಲೀಕರ ಮೇಲೆಯೇ ಹೇರಿದರೆ ಅವರು ಮುಚ್ಚಿಕೊಂಡು ಹೋಗುತ್ತಾರೆ, ಆದ್ದರಿಂದ ಶುಲ್ಕದ ಪಾಲನ್ನು ಸರ್ಕಾರ ಹೊರಬೇಕಾಗುತ್ತದೆ.

ಗಡಿಯ ತಪಾಸಣೆಯೊಂದನ್ನೇ ನಂಬಿದರೆ ಆಗುವುದೇನೆಂದು ನೈಜೀರಿಯಾ ತೋರಿಸಿದೆ. ದಾಸ್ತಾನಿನ ಹುಳು ಕೊಲ್ಲಲು ಬಳಸಿದ ಡೈಕ್ಲೋರ್ವಾಸ್ ಸಿಕ್ಕಿತೆಂದು 2015ರಲ್ಲಿ ಯುರೋಪಿಯನ್ ಒಕ್ಕೂಟ ಅಲ್ಲಿಯ ಒಣ ಅವರೆ ಜಾತಿಯ ಕಾಳುಗಳನ್ನು ತಡೆಯಿತು, ಆ ತಡೆಯನ್ನು ಮತ್ತೆ ಮತ್ತೆ ವಿಸ್ತರಿಸಿತು. ಯುರೋಪಿನ ತಟ್ಟೆ ಉಳಿಯಿತು. ಅದೇ ಕಾಳು ನೈಜೀರಿಯಾದ ಸಂತೆಗಳಲ್ಲಿ ಮಾರಾಟವಾಗಲು ಆ ತಡೆ ಅಡ್ಡ ಬರಲಿಲ್ಲ.