ಮಿದುಳಿನ ಮಂದಗತಿ ಮೈಗಳ್ಳತನವಲ್ಲ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಮಿದುಳಿನ ಗಡ್ಡೆಯಿಂದ ಬಳಲುವವರು ವಿಕಿರಣ ಚಿಕಿತ್ಸೆಗಾಗಿ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುವುದುಂಟು. ಜನರು ‘ಕರೆಂಟ್ ಕೊಡಿಸುವುದು’ ಎನ್ನುವ ಈ ಚಿಕಿತ್ಸೆ ಉಗ್ರ ಸ್ವರೂಪದ ಗಡ್ಡೆಗಳಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6 ವಾರ ನಡೆಯುತ್ತದೆ. ಅದು ಮುಗಿದೊಡನೆ ಎಲ್ಲವೂ ಮುಗಿಯಿತೆಂದು ಮನೆಮಂದಿ ಭಾವಿಸುತ್ತಾರೆ. ಮನೆಯವರ ನಿಜವಾದ ಆರೈಕೆ ಆರಂಭವಾಗುವುದೇ ಆಗ ಎಂಬುದು ನಮ್ಮ ಅಭಿಪ್ರಾಯ.

ಮಿದುಳು ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟು ಮಾತ್ರ, ಆದರೆ ನಾವು ವಿಶ್ರಾಂತಿಯಲ್ಲಿರುವಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ. ರಕ್ತದಲ್ಲಿನ ಗ್ಲೂಕೋಸ್ ಅದರ ಮುಖ್ಯ ಇಂಧನ. ಗಡ್ಡೆಯನ್ನು ನಾಶಪಡಿಸುವ ವಿಕಿರಣವು ಸುತ್ತಲಿನ ಆರೋಗ್ಯವಂತ ಭಾಗಕ್ಕೂ ತುಸು ತಾಗುತ್ತದೆ. ಅಲ್ಲಿನ ಸೂಕ್ಷ್ಮ ರಕ್ತನಾಳಗಳೂ ನರತಂತುಗಳ ಹೊದಿಕೆಯೂ ಘಾಸಿಗೊಂಡು, ಆ ಭಾಗ ಗ್ಲೂಕೋಸ್ ಬಳಸುವ ಪ್ರಮಾಣ ಕುಗ್ಗಬಹುದು. ಮಿದುಳಿನ ಚಯಾಪಚಯ ಇಳಿಯುವುದೆಂದರೆ ಇದೇ. ಚಿಕಿತ್ಸೆಯ ಬಳಿಕ ಕೆಲವು ವಾರ ಕಾಡುವ ಅತಿನಿದ್ರೆ, ಆಯಾಸಗಳು ಬಹುಮಟ್ಟಿಗೆ ತಾವಾಗಿಯೇ ಇಳಿಯುತ್ತವೆ. ತಿಂಗಳುಗಳು, ವರ್ಷಗಳು ಕಳೆದ ಮೇಲೆ ತಲೆದೋರುವ ಮರೆವು, ನಿಧಾನಗತಿಗಳು ಉಳಿದುಬಿಡಬಹುದು.

ಎಲೆಬಳ್ಳಿಯ ತೋಟದ ಲೆಕ್ಕವನ್ನೋ ಗೋವಿನಜೋಳದ ಬೀಜ-ಗೊಬ್ಬರದ ಲೆಕ್ಕವನ್ನೋ ತಪ್ಪಿದವರನ್ನು ‘ಮೈಗಳ್ಳ’ರೆಂದು ಜರಿಯುವುದು, ಇಲ್ಲವೆ ‘ಹಣೆಬರಹ’ವೆಂದು ಕೈಚೆಲ್ಲುವುದು ಎರಡೂ ಅನ್ಯಾಯ. ಕಾಯಕದ ಮನಸ್ಸಿದ್ದೂ ಮಿದುಳು ಸಹಕರಿಸದವರಿಗೆ ಬೇಕಾದುದು ಆಸರೆ, ನಿಂದೆಯಲ್ಲ.

ಕೈಚೆಲ್ಲಬಾರದು ಎನ್ನಲು ವೈದ್ಯಕೀಯ ಕಾರಣವೂ ಇದೆ. ವಿಕಿರಣದಿಂದ ಪಿಟ್ಯುಟರಿ ಗ್ರಂಥಿ ದುರ್ಬಲವಾಗಿ ಥೈರಾಯ್ಡ್ ಮೊದಲಾದ ಹಾರ್ಮೋನುಗಳು ಕಡಿಮೆಯಾಗಿದ್ದರೂ ಮಂಕು ಕವಿಯುತ್ತದೆ. ಅದನ್ನು ರಕ್ತಪರೀಕ್ಷೆಯಿಂದ ತಿಳಿದು ಮಾತ್ರೆಗಳಿಂದ ಸರಿಪಡಿಸಬಹುದು. ಗಡ್ಡೆ ಮರುಕಳಿಸಿದ್ದರೂ ಇವೇ ಲಕ್ಷಣಗಳು ಕಾಣಬಹುದು. ವಿಕಿರಣದಿಂದ ಸತ್ತ ಅಂಗಾಂಶವೂ ಮರಳಿ ಬೆಳೆದ ಗಡ್ಡೆಯೂ ಎಂಆರ್‌ಐ ಚಿತ್ರದಲ್ಲಿ ಒಂದೇ ತೆರನಾಗಿ ತೋರುವುದುಂಟು. ಬೆಳೆಯುವ ಗಡ್ಡೆ ಇಂಧನವನ್ನು ಹೀರುತ್ತದೆ, ಸತ್ತ ಅಂಗಾಂಶ ಹೀರುವುದಿಲ್ಲ. ಆದ್ದರಿಂದ ಚಯಾಪಚಯವನ್ನು ತೋರಿಸುವ ಪೆಟ್ ಸ್ಕ್ಯಾನ್ ಇವೆರಡನ್ನು ಬೇರ್ಪಡಿಸಲು ನೆರವಾಗುತ್ತದೆ.

ಇದನ್ನೋದಿ ಯಾರೂ ವಿಕಿರಣಕ್ಕೆ ಅಂಜಬಾರದು. ಬೆಳೆಯಲು ಬಿಟ್ಟ ಉಗ್ರ ಗಡ್ಡೆಯ ಹಾನಿ ಇದಕ್ಕಿಂತ ಬಹಳ ಹೆಚ್ಚು. ವೈದ್ಯರು ಬಿಡುಗಡೆಗೆ ಮುನ್ನವೇ ಈ ಸಂಗತಿಗಳನ್ನು ತಿಳಿಗನ್ನಡದಲ್ಲಿ ಮನೆಯವರಿಗೆ ವಿವರಿಸಬೇಕು. ಸದ್ಭಕ್ತರು ರೋಗಿಯ ನಡೆನುಡಿಯ ಬದಲಾವಣೆಗಳನ್ನು ದಿನಾಂಕ ಸಹಿತ ಬರೆದಿಟ್ಟು, ಹಳೆಯ ಕಡತಗಳೊಂದಿಗೆ ಮರುತಪಾಸಣೆಗೆ ಕರೆದೊಯ್ಯಬೇಕು. ಮೂರ್ಛೆಯ ಮಾತ್ರೆಗಳನ್ನಾಗಲಿ ಸ್ಟೀರಾಯ್ಡ್‌ಗಳನ್ನಾಗಲಿ ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಲೇಬಾರದು.