ಊರಿನ ರುಜು ಸಾಕು, ಊರಿನ ಮಾತು ಬೇಡವೇ?



ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಮಾತನಾಡುವಾಗ ಈಚೆಗೆ ಒಂದು ಮಾತನ್ನು ಪದೇ ಪದೇ ಹೇಳುತ್ತಾರೆ: "ಸರ್, ಸರ್ಕಾರಿ ಶಾಲೆ ಉಳಿಯಬೇಕಾದರೆ ಸಮುದಾಯ ಭಾಗವಹಿಸಬೇಕು. ನಮ್ಮ ಜನಕ್ಕೆ ಆಸಕ್ತಿಯೇ ಇಲ್ಲ." ಈ ಮಾತಿನ ಮೊದಲರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಎರಡನೆಯ ಅರ್ಧವನ್ನು ಒಪ್ಪಲಾರೆ. ಮೂರು ದಶಕಗಳ ಕಾಲ ಹಳ್ಳಿಯ ಪ್ರೌಢಶಾಲೆಗಳಲ್ಲಿ ಪಾಠ ಹೇಳಿದ ನನಗೆ ಕಂಡದ್ದು ಬೇರೆ. ನಮ್ಮ ಜನ ಆಸಕ್ತಿಯಿಂದಲೇ ಬಂದರು. ಬಂದು, ಕುಳಿತು, ಹೇಳಬೇಕಾದುದನ್ನು ಹೇಳಿದರು. ಅವರು ಹೇಳಿದ್ದಕ್ಕೆ ತಾಲ್ಲೂಕಿನಿಂದಾಗಲೀ ಜಿಲ್ಲೆಯಿಂದಾಗಲೀ ಉತ್ತರ ಬರಲಿಲ್ಲ. ಆಮೇಲೆ ಅವರು ಬರುವುದನ್ನು ನಿಲ್ಲಿಸಿದರು. ಕೇಳಿದವನು ಉತ್ತರ ಕೊಡದೆ ಹೋದರೆ ಹೇಳಿದವನು ಎಷ್ಟು ದಿನ ಹೇಳಿಯಾನು? ಇಂದಿನ ಬರಹ ಈ ಒಂದು ವಿಷಯವನ್ನು ಕುರಿತದ್ದು.

ಜನರನ್ನು ಕೂರಿಸಿಕೊಂಡು ಆಡಳಿತದ ಲೆಕ್ಕ ಹೇಳುವುದು ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಆ ಸಭೆಗೆ ಆಗ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೂ ದಸರೆಯ ಸಂದರ್ಭದಲ್ಲಿ ದಿವಾನರು ರೈತರ, ವರ್ತಕರ ಪ್ರತಿನಿಧಿಗಳ ಮುಂದೆ ನಿಂತು ವರ್ಷದ ಆಡಳಿತವನ್ನು ನಿವೇದಿಸುತ್ತಿದ್ದರು, ಅವರ ಅಹವಾಲುಗಳನ್ನು ಕೇಳುತ್ತಿದ್ದರು. ಸ್ವಾತಂತ್ರ್ಯಾನಂತರ 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೂ ಶಿಕ್ಷಣದ ಯೋಜನೆ ಪ್ರತಿ ಶಾಲೆಯಿಂದ, ಪ್ರತಿ ಜಿಲ್ಲೆಯಿಂದ ಮೇಲಕ್ಕೆ ಬರಬೇಕೆಂದಿತು. ಆ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದ ಜೆ. ಪಿ. ನಾಯಕ್ ಅವರು ದೆಹಲಿಯ ಕುರ್ಚಿಯಲ್ಲಿ ಕುಳಿತೇ ಶಿಕ್ಷಣವನ್ನು ಕಲಿತವರಲ್ಲ. 1930ರ ದಶಕದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿದ್ದು ಹಳ್ಳಿಯ ಕೆಲಸ, ಶಾಲೆಯ ಕೆಲಸ ಮಾಡಿದವರು. ಹಳ್ಳಿಯನ್ನು ಕಂಡವರು ಹೇಳಿದ ಮಾತು ಹಳ್ಳಿಯನ್ನು ಕಾಣದವರ ಕೈಗೆ ಸಿಕ್ಕು ನಮೂನೆಯಾಗಿ ಮಾರ್ಪಟ್ಟಿತು ಎಂಬುದೇ ನನ್ನ ಕೊರಗು.

ಕಾನೂನು ಏನು ಹೇಳುತ್ತದೆ ನೋಡಿ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ನಾವೆಲ್ಲ ಅದನ್ನು ಎಸ್‌ಡಿಎಂಸಿ ಎಂದೇ ಕರೆಯುತ್ತೇವೆ. ಎಂಟು ವರ್ಷಗಳ ನಂತರ ಕೇಂದ್ರದ ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಅಂಗೀಕಾರವಾಗಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 21ನೆಯ ಪ್ರಕರಣದಂತೆ ಸಮಿತಿಯಲ್ಲಿ ಕನಿಷ್ಠ ನಾಲ್ಕನೆಯ ಮೂರು ಭಾಗ ತಂದೆ ತಾಯಿಗಳೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. 22ನೆಯ ಪ್ರಕರಣ ಇನ್ನೂ ಮುಖ್ಯವಾದುದು. ಸಮಿತಿಯು ಶಾಲಾಭಿವೃದ್ಧಿ ಯೋಜನೆಯನ್ನು ತಯಾರಿಸತಕ್ಕದ್ದು. ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರ ಮಾಡುವ ಯೋಜನೆಗೂ ಕೊಡುವ ಅನುದಾನಕ್ಕೂ ಆ ಯೋಜನೆಯೇ ಆಧಾರವಾಗತಕ್ಕದ್ದು ಎಂಬುದು ಅದರ ಸಾರಾಂಶ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಇದು 3 ವರ್ಷಗಳ ಯೋಜನೆ, ಅದರೊಳಗೆ 3 ವಾರ್ಷಿಕ ಉಪಯೋಜನೆಗಳು. ತರಗತಿವಾರು ಎಷ್ಟು ಮಕ್ಕಳು ಬಂದಾರು, ಎಷ್ಟು ಶಿಕ್ಷಕರು ಬೇಕು, ಯಾವ ಕಟ್ಟಡ, ಯಾವ ಸಲಕರಣೆ ಬೇಕು, ಯಾವ ವರ್ಷ ಎಷ್ಟು ಹಣ ಬೇಕು ಎಂಬುದೆಲ್ಲ ಅದರಲ್ಲಿರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ದಸ್ತಾವೇಜಿನಲ್ಲೂ ಶಾಲೆಗಳ ಯೋಜನೆಯ ಆಧಾರದ ಮೇಲೆಯೇ ಶಾಲಾ ಸಂಕೀರ್ಣದ ಯೋಜನೆ ಆಗಬೇಕೆಂದಿದೆ. ಸರ್ಕಾರಗಳು ಬದಲಾದವು, ನೀತಿಗಳು ಬದಲಾದವು. ಈ ಒಂದು ಮಾತನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ. 'ಆಧಾರ' ಎಂಬ ಪದವನ್ನು ಗಮನಿಸಿ. 'ಲಗತ್ತು' ಎಂದು ಕಾನೂನು ಹೇಳಿಲ್ಲ.

ನಡೆಯುವುದೇನು? ವರ್ಷದ ಕೊನೆಗೆ ಒಂದು ದಿನ ಇದ್ದಕ್ಕಿದ್ದಂತೆ ನಮೂನೆ ಬರುತ್ತದೆ. ನಾಳಿದ್ದಿನೊಳಗೆ ಭರ್ತಿ ಮಾಡಿ ಕಳುಹಿಸಬೇಕೆಂಬ ಆಜ್ಞೆ ಅದರ ಜೊತೆಗೇ ಇರುತ್ತದೆ. ಮುಖ್ಯೋಪಾಧ್ಯಾಯರು ಯುಡೈಸ್ ಅಂಕಿಗಳನ್ನು ಎದುರಿಗಿಟ್ಟುಕೊಂಡು ರಾತ್ರಿ ಕುಳಿತು ಕೋಷ್ಟಕ ತುಂಬುತ್ತಾರೆ. ಬೆಳಿಗ್ಗೆ ಎಸ್‌ಡಿಎಂಸಿ ಅಧ್ಯಕ್ಷರನ್ನು ಹೊಲದ ಬದುವಿನಲ್ಲಿ ಹುಡುಕಿ ರುಜು ಹಾಕಿಸುತ್ತಾರೆ. ಕೋಲೆ ಬಸವ ತಲೆಯಾಡಿಸಿದಂತೆ ಅಧ್ಯಕ್ಷರು ತಲೆಯಾಡಿಸಿ ರುಜು ಮಾಡುತ್ತಾರೆ. ಇದರಲ್ಲಿ ಮುಖ್ಯೋಪಾಧ್ಯಾಯರ ತಪ್ಪೂ ಇಲ್ಲ, ಅಧ್ಯಕ್ಷರ ತಪ್ಪೂ ಇಲ್ಲ. ಎರಡು ದಿನದಲ್ಲಿ ಊರನ್ನು ಕೇಳಿ ಯೋಜನೆ ಮಾಡಲು ಯಾರಿಂದಲೂ ಆಗದು. ಆ ರುಜು ಬಿದ್ದ ಹಾಳೆಗಳೆಲ್ಲ ಜಿಲ್ಲೆಗೆ ಹೋಗಿ, ಕೂಡಿಸಿ ಭಾಗಿಸಿ, 'ಸಮುದಾಯದ ಸಹಭಾಗಿತ್ವದೊಂದಿಗೆ ತಯಾರಿಸಲಾದ ಯೋಜನೆ' ಎಂಬ ಹೆಸರಿನಲ್ಲಿ ಹೊರಬರುತ್ತವೆ.

ನಮೂನೆ ಕೇಳುವುದು ಒಂದು, ಊರು ಹೇಳುವುದು ಇನ್ನೊಂದು. ನಾನು ಕೆಲಸ ಮಾಡಿದ ಒಂದು ಪ್ರೌಢಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯ ಹೆಣ್ಣುಮಕ್ಕಳು ಕೊನೆಯ ಅವಧಿಗೆ ಇರುತ್ತಲೇ ಇರಲಿಲ್ಲ. ಅವರ ಊರುಗಳ ಕಡೆಗೆ ಹೋಗುವ ಬಸ್ಸು ಶಾಲೆ ಬಿಡುವುದಕ್ಕೆ ಮೊದಲೇ ಹೊರಡುತ್ತಿತ್ತು. ಮುಂದಿನ ಬಸ್ಸು ಕತ್ತಲಾದ ಮೇಲೆ. ಗಣಿತದ ಪಾಠ ತಪ್ಪಿದ್ದು ಹೀಗೆ, ಕೆಲವರ ಶಾಲೆಯೇ ತಪ್ಪಿದ್ದೂ ಹೀಗೆ. ಪೋಷಕರ ಸಭೆಯಲ್ಲಿ ತಾಯಂದಿರು ಎದ್ದು ನಿಂತು, ಬಸ್ಸನ್ನು ಅರ್ಧ ಗಂಟೆ ತಡಮಾಡಿಸಿ, ಇಲ್ಲವೇ ಶಾಲೆಯನ್ನು ಅರ್ಧ ಗಂಟೆ ಮೊದಲೇ ಆರಂಭಿಸಿ ಎಂದು ಕೇಳಿದರು. ಒಂದು ಪೈಸೆಯ ಖರ್ಚಿಲ್ಲದ ಬೇಡಿಕೆ! ನಡಾವಳಿಯಲ್ಲಿ ಬರೆದೆವು, ಮೇಲಕ್ಕೆ ಕಳುಹಿಸಿದೆವು. ನಮೂನೆಯಲ್ಲಿ ಬಸ್ಸಿಗೆ ಕಲಮು ಇರಲಿಲ್ಲ, ಕೊಠಡಿಗೆ ಇತ್ತು. ಎರಡು ವರ್ಷದ ಮೇಲೆ ಒಂದು ಕೊಠಡಿ ಮಂಜೂರಾಗಿ ಬಂತು. ಬಸ್ಸಿನ ವಿಷಯದಲ್ಲಿ 'ಆಗುತ್ತದೆ' ಎಂದಾಗಲೀ 'ಆಗುವುದಿಲ್ಲ' ಎಂದಾಗಲೀ ಒಂದು ಸಾಲಿನ ಪತ್ರವೂ ಬರಲಿಲ್ಲ. ಮರುವರ್ಷ ಆ ತಾಯಂದಿರಲ್ಲಿ ಇಬ್ಬರೋ ಮೂವರೋ ಮಾತ್ರ ಸಭೆಗೆ ಬಂದರು. ಅದರ ಮರುವರ್ಷ ಯಾರೂ ಬರಲಿಲ್ಲ. ಇವರನ್ನು 'ಆಸಕ್ತಿಯಿಲ್ಲದ ಪೋಷಕರು' ಎಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ.

ಅಂಕಿ ಅಂಶಗಳು ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ಜಿಲ್ಲೆಯ ನೂರಾರು ಶಾಲೆಗಳನ್ನು ನೋಡಿಕೊಳ್ಳುವ ಉಪನಿರ್ದೇಶಕರಿಗೆ ಅಂಕಿಗಳಿಲ್ಲದೆ ಕಣ್ಣೇ ಇಲ್ಲ. ಆದರೆ ಶೌಚಾಲಯ ಇದೆಯೇ ಎಂಬ ಪ್ರಶ್ನೆಗೆ 'ಇದೆ' ಎಂಬ ಉತ್ತರ ಸತ್ಯವಾಗಿದ್ದರೂ, ಅದರ ಬೀಗದ ಕೈ ಯಾರ ಬಳಿ ಇರುತ್ತದೆ, ಬೇಸಗೆಯಲ್ಲಿ ನೀರು ಬರುತ್ತದೆಯೇ ಎಂಬುದು ಅಲ್ಲಿ ಓದುವ ಹುಡುಗಿಯ ತಾಯಿಗೆ ಮಾತ್ರ ಗೊತ್ತು. ಒಂದರಿಂದ ಐದನೆಯ ತರಗತಿಯವರಿಗೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟರವರಿಗೆ 3 ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂದು ಮಾದರಿ ನಿಯಮ ಹೇಳುತ್ತದೆ. ನಕ್ಷೆಯ ಮೇಲೆ ಅಳೆದರೆ ದೂರ ಸರಿಯಾಗಿಯೇ ಇರುತ್ತದೆ. ನಡುವೆ ಒಂದು ಹಳ್ಳವಿದೆ, ಶ್ರಾವಣದಲ್ಲಿ ಅದು ತುಂಬಿ ಹರಿದರೆ ಮಕ್ಕಳನ್ನು ದಾಟಿಸಲಾಗದು ಎಂಬುದನ್ನು ನಕ್ಷೆ ಹೇಳದು, ಊರು ಹೇಳುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯಾಯಿತೆಂದು ಒಂದು ಸಣ್ಣ ಶಾಲೆಯನ್ನು ಇನ್ನೊಂದರ ಜೊತೆ ಸೇರಿಸುವ ಮಾತು ಬಂದಾಗಲೆಲ್ಲ ನನಗೆ ಈ ಹಳ್ಳವೇ ನೆನಪಾಗುತ್ತದೆ. ಒಮ್ಮೆ ಮುಚ್ಚಿದ ಶಾಲೆಯ ಬೀಗವನ್ನು ಮತ್ತೆ ತೆರೆಯುವುದು ಸುಲಭವಲ್ಲ. ಅಂಥ ನಿರ್ಧಾರವನ್ನು ಊರಿನ ಮಾತು ಕೇಳದೆ ತೆಗೆದುಕೊಳ್ಳುವುದು ಯೋಜನೆಯಲ್ಲ, ದರ್ಪ.

ನನ್ನ ವಾದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತಿವೆ. ಅವುಗಳನ್ನು ಹೇಳುವವರಲ್ಲಿ ನನ್ನ ಶಿಷ್ಯರೂ ಇದ್ದಾರೆ, ಬಂಧುಗಳೂ ಇದ್ದಾರೆ.

ಮೊದಲನೆಯದು, 'ಓದು ಬಾರದವರಿಗೆ ಯೋಜನೆ ಮಾಡಲು ಬರುತ್ತದೆಯೇ?' ಎಂಬುದು. ಸ್ವಾಮಿ, ಮಳೆ ನಕ್ಷತ್ರ ನೋಡಿ ಬಿತ್ತನೆ ಮಾಡುವವನಿಗೆ, ಐದು ನೂರು ಜನಕ್ಕೆ ಅಡುಗೆ ಮಾಡಿಸಿ ಮಗಳ ಮದುವೆ ಮಾಡುವವಳಿಗೆ, ಊರ ಜಾತ್ರೆ ನಡೆಸುವವರಿಗೆ ಯೋಜನೆ ಬರುವುದಿಲ್ಲವೇ? ಹಾಲು ಉತ್ಪಾದಕರ ಸಹಕಾರ ಸಂಘಗಳು ಹಳ್ಳಿ ಹಳ್ಳಿಯಲ್ಲಿ ದಿನಕ್ಕೆರಡು ಹೊತ್ತು ಹಾಲಿನ ಲೆಕ್ಕ ಇಡುತ್ತವೆ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಸಾಲದ ಲೆಕ್ಕ ಇಡುತ್ತಾರೆ. ಶಾಲೆಯ ಬಾಗಿಲಿಗೆ ಬಂದೊಡನೆ ಇವರೆಲ್ಲ ದಡ್ಡರಾಗಿಬಿಡುತ್ತಾರೆಯೇ?

ಎರಡನೆಯದು, ಸಮಿತಿಗಳಲ್ಲಿ ಊರಿನ ರಾಜಕೀಯ ನುಗ್ಗುತ್ತದೆ ಎಂಬುದು. ನುಗ್ಗುತ್ತದೆ, ನಿಜ, ನಾನೂ ಕಂಡಿದ್ದೇನೆ. ಗುಂಪುಗಾರಿಕೆ, ಜಾತಿಯ ಲೆಕ್ಕಾಚಾರ, ದೊಡ್ಡವರ ಶಿಫಾರಸು ಎಲ್ಲವೂ ಬರುತ್ತವೆ. ಆದರೆ ಸಮಿತಿಗೆ ನಿಜವಾದ ಕೆಲಸವಿಲ್ಲದಿದ್ದಾಗ ಉಳಿಯುವುದು ಪದವಿಯ ಜಂಭ ಮಾತ್ರ, ಅದಕ್ಕಾಗಿಯೇ ಹೊಡೆದಾಟ. ಪೋಷಕರ ಬಹಿರಂಗ ಸಭೆಯಲ್ಲಿ ಆಯ್ಕೆ ನಡೆದು, ಮಾಡಿದ ಯೋಜನೆ ಗೋಡೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತಿದ್ದರೆ ಕೆಲಸಗಳ್ಳರು ತಾವಾಗಿ ಹಿಂದೆ ಸರಿಯುತ್ತಾರೆ.

ಮೂರನೆಯದು, ಹಣವಿಲ್ಲ ಎಂಬುದು. ಹಣ ಎಂದಿಗೂ ಸಾಲದು. ಮನೆ ನಡೆಸುವವರಿಗೆಲ್ಲ ಇದು ತಿಳಿದ ವಿಷಯ. ಆದರೆ ಮಗು ಕೇಳಿದ್ದನ್ನು ಕೊಡಿಸಲಾಗದ ತಾಯಿ 'ಈ ಸಲ ಇಲ್ಲ, ಬೆಳೆ ಬಂದ ಮೇಲೆ ನೋಡೋಣ' ಎಂದಾದರೂ ಹೇಳುತ್ತಾಳೆ. ಜಿಲ್ಲೆಯ ಕಚೇರಿಗೆ ಅಷ್ಟು ಮಾತೂ ದುಬಾರಿಯೇ?

ಕೆಳಗಿನಿಂದ ಬಂದ ವಿಚಾರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 'ನಲಿ ಕಲಿ'ಯನ್ನು ರೂಪಿಸಿದರು. ಕಾರ್ಡುಗಳನ್ನು ಮಾಡಿದವರು, ಹಾಡು ಕಟ್ಟಿದವರು ತರಗತಿಯಲ್ಲಿ ನಿಂತ ಶಿಕ್ಷಕರೇ. ಸುಮಾರು ಒಂದೂವರೆ ದಶಕದ ಮೇಲೆ, 2009-10ರಲ್ಲಿ, ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಮೊದಲು ಮಾಡಿದವರಿಗೆ ಅದು ತಮ್ಮ ಸ್ವಂತ ಕೆಲಸವಾಗಿತ್ತು. ಆಮೇಲೆ ಆದೇಶದ ಮೂಲಕ ಪಡೆದ ಅನೇಕರಿಗೆ ಅದು ಇನ್ನೊಂದು ಸುತ್ತೋಲೆಯಾಯಿತು. ಕೆಳಗಿನಿಂದ ಬೆಳೆದದ್ದಕ್ಕೂ ಮೇಲಿನಿಂದ ಇಳಿದದ್ದಕ್ಕೂ ಇರುವ ವ್ಯತ್ಯಾಸವನ್ನು ಒಂದೇ ಕಾರ್ಯಕ್ರಮದಲ್ಲಿ ಕಂಡಂತಾಯಿತು.

ಹಾಗಾದರೆ ಜಿಲ್ಲೆಯ ಶಿಕ್ಷಣದ ಮುಖ್ಯಸ್ಥರು ಮಾಡಬೇಕಾದುದೇನು? ದೊಡ್ಡ ಸಂಗತಿಗಳನ್ನು ನಾನು ಕೇಳುತ್ತಿಲ್ಲ.

ಒಂದು, ಯೋಜನೆಯ ಸಭೆ ಮಾರ್ಚಿಯ ಗಡಿಬಿಡಿಯಲ್ಲಿ ಬೇಡ. ಸುಗ್ಗಿಗೆ ಮೊದಲು, ಸಂಜೆಯ ಹೊತ್ತು, ಕೂಲಿಗೆ ಹೋದ ತಾಯಂದಿರು ಮನೆಗೆ ಮರಳಿದ ಮೇಲೆ ನಡೆಯಲಿ. ಹಗಲು ಹನ್ನೊಂದಕ್ಕೆ ಸಭೆ ಕರೆದು, ಯಾರೂ ಬರಲಿಲ್ಲ ಎನ್ನುವುದು ನ್ಯಾಯವಲ್ಲ.

ಎರಡು, ನಮೂನೆಯ ಕೊನೆಯಲ್ಲಿ ಒಂದು ಖಾಲಿ ಪುಟವಿರಲಿ. ಕಲಮುಗಳಿಗೆ ಸಿಕ್ಕದ ಬಸ್ಸು, ಹಳ್ಳ, ಬೀಗದ ಕೈ ಇತ್ಯಾದಿಗಳನ್ನು ಊರಿನವರು ತಮ್ಮ ಮಾತಿನಲ್ಲಿ ಅಲ್ಲಿ ಬರೆಸಲಿ.

ಮೂರು, ಪ್ರತಿ ಶಾಲೆಯ ಯೋಜನೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಕನ್ನಡದಲ್ಲಿ ಲಿಖಿತ ಉತ್ತರ ಬರಲಿ. ಯಾವುದನ್ನು ಒಪ್ಪಲಾಗಿದೆ, ಯಾವುದನ್ನು ಒಪ್ಪಿಲ್ಲ, ಏಕೆ ಒಪ್ಪಿಲ್ಲ ಎಂದು ಅದರಲ್ಲಿರಲಿ. ಬೇರೆ ಇಲಾಖೆಗೆ ಸೇರಿದ ವಿಷಯವಾದರೆ ಯಾರಿಗೆ, ಯಾವಾಗ ಬರೆಯಲಾಯಿತು ಎಂದು ತಿಳಿಸಲಿ. ಮೇಲಿನ ಎರಡನ್ನು ಬಿಟ್ಟರೂ ಇದನ್ನು ಬಿಡುವಂತಿಲ್ಲ.

ನಾಲ್ಕು, ಆ ಉತ್ತರವನ್ನು ಆಗಸ್ಟ್ 15ರಂದು ಧ್ವಜಾರೋಹಣವಾದ ಮೇಲೆ ಶಾಲೆಯ ಅಂಗಳದಲ್ಲಿ ಓದಲಿ. ಅಂದು ಕರೆಯದಿದ್ದರೂ ಊರು ಅಲ್ಲಿ ಸೇರಿರುತ್ತದೆ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಷ್ಟು ಕಾಲ ಅಧಿಕಾರಿಗಳನ್ನು ಪ್ರಶ್ನಿಸಲು ಜಿಲ್ಲೆಯ ಮಟ್ಟದಲ್ಲಿ ಚುನಾಯಿತ ಸದಸ್ಯರೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ತಂದೆ ತಾಯಿಗಳ ಸಮಿತಿಯ ಮಾತಿಗೆ ಬೆಲೆ ಹೆಚ್ಚಬೇಕಾಗಿತ್ತು.

ಕೊನೆಯದಾಗಿ ನಿಮಗೆ, ನನ್ನ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಕೆಲವರು ಬೆಂಗಳೂರಿನಲ್ಲಿ, ಕೆಲವರು ಹೊರದೇಶಗಳಲ್ಲಿ ಇದ್ದೀರಿ. ಓದಿದ ಶಾಲೆಗೆ ಬಣ್ಣ, ಬೆಂಚು, ಗಣಕಯಂತ್ರ ಕೊಡಿಸುತ್ತೀರಿ, ಸಂತೋಷ. ಇನ್ನು ಮುಂದೆ ಕೊಡುವ ಮೊದಲು ಒಂದು ಕೆಲಸ ಮಾಡಿ. ಮುಖ್ಯೋಪಾಧ್ಯಾಯರನ್ನೂ ಸಮಿತಿಯ ಅಧ್ಯಕ್ಷರನ್ನೂ ಕಂಡು, 'ಈ ಮೂರು ವರ್ಷದ ಯೋಜನೆ ತೋರಿಸಿ, ಮೇಲಿನಿಂದ ಅದಕ್ಕೆ ಬಂದ ಉತ್ತರ ತೋರಿಸಿ' ಎಂದು ಕೇಳಿ. ಉತ್ತರ ಬಂದಿಲ್ಲವಾದರೆ ಸಮಿತಿಯ ಜೊತೆ ಕುಳಿತು ಒಂದು ಪತ್ರ ಬರೆಯಲು ನೆರವಾಗಿ. ಮಾಹಿತಿ ಹಕ್ಕು ಕಾಯಿದೆ 2005ರಿಂದಲೂ ಇದೆ. ಅರ್ಜಿಯ ಶುಲ್ಕ 10 ರೂಪಾಯಿ. ನಿಮ್ಮಲ್ಲಿ ಅಧಿಕಾರಿಗಳಾದವರೂ ಇದ್ದೀರಿ, ಅದು ನನಗೆ ಹೆಮ್ಮೆಯ ವಿಷಯ. ನಿಮ್ಮ ಮೇಜಿನ ಮೇಲೆ ಯಾವುದೋ ಹಳ್ಳಿಯ ಶಾಲೆಯ ಯೋಜನೆ ಬಂದರೆ, ಕೆಳಗಿರುವ ರುಜುಗಳನ್ನು ಎಣಿಸಿ ಕಡತಕ್ಕೆ ಸೇರಿಸಬೇಡಿ. ಓದಿ, ಉತ್ತರ ಬರೆಯಿರಿ. 'ಆಗುವುದಿಲ್ಲ' ಎಂದೇ ಬರೆಯಿರಿ, ಚಿಂತೆಯಿಲ್ಲ. ಕಾರಣ ಕೊಟ್ಟು ಬರೆಯಿರಿ. ಮುಂದಿನ ವರ್ಷದ ಸಭೆಗೆ ಆ ಊರಿನ ಜನ ಬರುತ್ತಾರೆ.